ಮನೆಯ ಬೆಂಕಿ, ಊರಿನ ಹೊಗೆ

ಚಳಿ ದೇಶಗಳಲ್ಲಿ ಬೆಂಕಿ ಬೇಕಾಗುವುದು ಅಡುಗೆಗೆ ಮಾತ್ರವಲ್ಲ. ವರ್ಷದ ಐದಾರು ತಿಂಗಳು ಅದು ಜೀವ ಕಾಯುವ ಸಾಧನ. ಪೋಲೆಂಡಿನ ಲಕ್ಷಾಂತರ ಮನೆಗಳಲ್ಲಿ ಈ ಬೆಂಕಿ ಉರಿಯುತ್ತಾ ಬಂದದ್ದು ಕಲ್ಲಿದ್ದಲಿನ ಬಾಯ್ಲರಿನಲ್ಲಿ. ನಮ್ಮ ಬಚ್ಚಲುಮನೆಯ ಹಂಡೆಯೊಲೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಒಳಗೆ ಬೆಂಕಿ, ಸುತ್ತ ನೀರು. ಆದರೆ ಆ ನೀರು ಸ್ನಾನಕ್ಕಲ್ಲ. ಅದು ಕೊಳವೆಗಳಲ್ಲಿ ಕೋಣೆಕೋಣೆಗೆ ಹರಿದು, ಗೋಡೆಬದಿಯ ರೇಡಿಯೇಟರುಗಳಿಗೆ ಶಾಖ ಕೊಟ್ಟು, ತಣಿದು ಮರಳುತ್ತದೆ. ಹಳೆಯ ಬಾಯ್ಲರುಗಳಲ್ಲಿ ಕಲ್ಲಿದ್ದಲನ್ನು ಸಲಿಕೆಯಿಂದ ತುಂಬುವುದು, ಬೂದಿ ತೆಗೆಯುವುದು, ಗಾಳಿಯ ಬಾಗಿಲನ್ನು ಹಿಗ್ಗಿಸಿ ಕುಗ್ಗಿಸುವುದು ಎಲ್ಲವೂ ಮನೆಯವರ ಕೈಕೆಲಸ.

ಈ ಕೈಕೆಲಸದಲ್ಲೇ ಒಂದು ದೋಷ ಅಡಗಿದೆ. ನಿಗಿನಿಗಿ ಕೆಂಡದ ಮೇಲೆ ಹೊಸ ಕಲ್ಲಿದ್ದಲು ಸುರಿದಾಗ ಅದು ಕಾದು, ಅದರೊಳಗಿನ ಟಾರು ಮತ್ತು ಅನಿಲಗಳು ಹೊರಬರುತ್ತವೆ. ಅವು ಪೂರ್ತಿ ಉರಿಯಲು ಹೆಚ್ಚು ಶಾಖವೂ ಗಾಳಿಯೂ ಬೇಕು. ಆದರೆ ಆ ಹೊತ್ತಿಗೆ ಹೊಸ ಕಲ್ಲಿದ್ದಲು ಬೆಂಕಿಯನ್ನು ಮುಚ್ಚಿ ತಣಿಸಿರುತ್ತದೆ. ಅರೆಬರೆ ಉರಿದ ಅನಿಲ ದಟ್ಟ ಹೊಗೆಯಾಗಿ ಚಿಮಣಿ ಸೇರುತ್ತದೆ. ರಾತ್ರಿಯೆಲ್ಲ ಬೆಂಕಿ ಉಳಿಯಲೆಂದು ಗಾಳಿ ಕಡಿಮೆ ಮಾಡಿದರೆ ಹೊಗೆ ಇನ್ನಷ್ಟು ಹೆಚ್ಚುತ್ತದೆ. ಜೊತೆಗೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವೂ ಹುಟ್ಟುತ್ತದೆ. ಶಾಖ ಒಂದು ಮನೆಗೆ, ಹೊಗೆ ಇಡೀ ಊರಿಗೆ!

ಹೀಗಿದ್ದರೆ ಇದನ್ನು ನಿಷೇಧಿಸಬಾರದೇ ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಲಂಡನ್ನಿನ ಇತಿಹಾಸ ನೋಡಬೇಕು.

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1306ರಷ್ಟು ಹಿಂದೆಯೇ ಲಂಡನ್ನಿನ ಕುಲುಮೆಗಳಲ್ಲಿ ಕಲ್ಲಿದ್ದಲು ಸುಡುವುದನ್ನು ನಿಷೇಧಿಸಿದ್ದನು. ಆಜ್ಞೆ ನಿಲ್ಲಲಿಲ್ಲ. ಹದಿನಾರನೇ ಶತಮಾನದಲ್ಲಿ ಸೌದೆ ದುಬಾರಿಯಾದಂತೆ, ನ್ಯೂಕ್ಯಾಸಲ್ಲಿನಿಂದ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲು ಮನೆಮನೆಯ ಉರುವಲಾಯಿತು. 1661ರಲ್ಲಿ ಜಾನ್ ಎವೆಲಿನ್ ಲಂಡನ್ನಿನ ಹೊಗೆಯ ಕುರಿತು ಒಂದು ಕಿರುಹೊತ್ತಗೆಯನ್ನೇ ಬರೆದು ಎರಡನೇ ಚಾರ್ಲ್ಸ್ ದೊರೆಗೆ ಅರ್ಪಿಸಿದನು. ಆದರೂ ಹೊಗೆ ನಿಲ್ಲಲಿಲ್ಲ. ಚಳಿಯಲ್ಲಿ ನಡುಗುವವನಿಗೆ ಬೇರೆ ದಾರಿ ತೋರಿಸದೆ ಒಲೆ ಆರಿಸು ಎಂದರೆ ಅವನು ಕೇಳುವುದಾದರೂ ಹೇಗೆ?

1952ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಗಾಳಿ ನಿಂತುಹೋಯಿತು. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿತು. ಚಳಿ ಹೆಚ್ಚಿದಷ್ಟೂ ಜನ ಅಗ್ಗಿಷ್ಟಿಕೆಗಳಿಗೆ ಇನ್ನಷ್ಟು ಕಲ್ಲಿದ್ದಲು ಹಾಕಿದರು. ಮನೆಗಳ ಹೊಗೆಯೂ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಹೊಗೆಯೂ ಮಂಜಿನೊಂದಿಗೆ ಬೆರೆತು ಹಗಲೇ ಕತ್ತಲಾಯಿತು. ಬಸ್ಸುಗಳು ನಿಂತವು. ಐದು ದಿನಗಳ ನಂತರ ಗಾಳಿ ಬೀಸಿತು. ಸರಕಾರದ ಮೊದಲ ಲೆಕ್ಕದಂತೆ ಸತ್ತವರು ಸುಮಾರು 4,000. ನಂತರದ ಸಂಶೋಧಕರು ಈ ಸಂಖ್ಯೆ 12,000ದಷ್ಟಿರಬಹುದೆಂದು ಅಂದಾಜಿಸಿದರು. ಸತ್ತವರಲ್ಲಿ ವೃದ್ಧರು, ಹಸುಗೂಸುಗಳು, ಮೊದಲೇ ಶ್ವಾಸಕೋಶದ ಕಾಯಿಲೆಯಿದ್ದವರು ಹೆಚ್ಚು.

ನಾಲ್ಕು ವರ್ಷಗಳ ನಂತರ, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಹೊಗೆಮುಕ್ತ ವಲಯಗಳನ್ನು ಘೋಷಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಸಿಕ್ಕಿತು. ಎಡ್ವರ್ಡನ ಆಜ್ಞೆಗೂ ಈ ಕಾಯ್ದೆಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ಆ ವಲಯಗಳಲ್ಲಿ ಒಲೆ ಬದಲಿಸುವ ಖರ್ಚಿನಲ್ಲಿ ಶೇ. 70ರಷ್ಟನ್ನು ಸಾರ್ವಜನಿಕ ಹಣದಿಂದ ಭರಿಸಲಾಯಿತು. ಮನೆಯವರ ಪಾಲು ಉಳಿದ ಶೇ. 30 ಮಾತ್ರ. ಹೊಗೆಯಿಲ್ಲದ ಇಂಧನ, ಅನಿಲ, ವಿದ್ಯುತ್ತುಗಳ ದಾರಿಯೂ ಇತ್ತು. ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. 1962ರ ಡಿಸೆಂಬರಿನಲ್ಲಿ ಲಂಡನ್ ಮತ್ತೆ ವಿಷದ ಮಂಜಿಗೆ ಸಿಕ್ಕಿ ನೂರಾರು ಜನ ಸತ್ತರು. ಆದರೆ ಈ ಬಾರಿ ಮನೆಗಳ ಹೊಗೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು.

ಲಂಡನ್ ಕಲಿತ ಈ ಪಾಠ ಪೋಲೆಂಡಿಗೆ ಅರ್ಧ ಶತಮಾನದ ನಂತರ ಬೇಕಾಯಿತು. ಅದು ಸೈಲೀಸಿಯದ ಗಣಿಗಳ ನಾಡು. ಅಲ್ಲಿ ಕಲ್ಲಿದ್ದಲೆಂದರೆ ದುಡಿಮೆ, ಸ್ವಾಭಿಮಾನ, ಚಳಿಗಾಲದ ಭರವಸೆ. ಆ ಗಣಿಗಳಿಗೆ ದೂರವಲ್ಲದ ಕ್ರಾಕೋವ್ ನಗರ ವಿಸ್ತುಲಾ ನದಿಯ ಕಣಿವೆಯಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಗಾಳಿ ಮಂದ. ಲಂಡನ್ನಿನಂತೆಯೇ ಹೊಗೆ ನೆಲಕ್ಕೆ ಒತ್ತಿ ನಿಲ್ಲುತ್ತಿತ್ತು. 2012ರಲ್ಲಿ ಅಲ್ಲಿನ ನಾಗರಿಕರು ಹೊಗೆಯ ವಿರುದ್ಧ ಸಂಘಟಿತರಾದರು. 2013ರಲ್ಲಿ ಪ್ರಾದೇಶಿಕ ಸಭೆ ನಿಷೇಧ ತಂದಾಗ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. 2015ರಲ್ಲಿ ದೇಶದ ಕಾನೂನಿಗೆ ತಿದ್ದುಪಡಿಯಾಯಿತು. ಕೊನೆಗೆ 2019ರ ಸೆಪ್ಟೆಂಬರ್ 1ರಿಂದ ಕ್ರಾಕೋವಿನ ಮನೆಗಳಲ್ಲಿ ಕಲ್ಲಿದ್ದಲು, ಸೌದೆ ಎರಡನ್ನೂ ಸುಡುವುದು ನಿಷಿದ್ಧವಾಯಿತು.

ನಿಷೇಧಕ್ಕೆ ಮೊದಲೇ ನಗರಾಡಳಿತ ಸಾವಿರಾರು ಬಾಯ್ಲರು, ಒಲೆಗಳನ್ನು ಬದಲಿಸಲು ಹಣ ಕೊಟ್ಟಿತ್ತು ಎಂಬುದನ್ನು ಗಮನಿಸಬೇಕು. ಅನಿಲ, ವಿದ್ಯುತ್ತಿನಿಂದ ಮನೆ ಕಾಯಿಸುವುದು ಕಲ್ಲಿದ್ದಲಿಗಿಂತ ದುಬಾರಿ. ಆದ್ದರಿಂದ ಕಡಿಮೆ ಆದಾಯದ ಕುಟುಂಬಗಳಿಗೆ ಹೆಚ್ಚುವರಿ ಬಿಲ್ಲಿಗೂ ನೆರವಿನ ಯೋಜನೆಯಿತ್ತು.

ಇಂತಹ ನೆರವು ಎಷ್ಟು ಅಗತ್ಯವೆಂಬುದು 2022ರಲ್ಲಿ ದೇಶಕ್ಕೆ ಗೊತ್ತಾಯಿತು. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದಾಗ ಪೋಲೆಂಡ್ ರಷ್ಯಾದ ಕಲ್ಲಿದ್ದಲನ್ನು ನಿಲ್ಲಿಸಿತು. ಕಲ್ಲಿದ್ದಲಿನ ನಾಡಿನಲ್ಲೇ ಕಲ್ಲಿದ್ದಲಿಗೆ ಅಭಾವ ಬಂತು, ಬೆಲೆ ಗಗನಕ್ಕೇರಿತು. ಕ್ರಾಕೋವಿನಾಚೆಯ ಊರುಗಳಲ್ಲಿ ಹಳೆಯ ಬಾಯ್ಲರನ್ನೇ ನಂಬಿದ್ದ ಕುಟುಂಬಗಳು ಕಂಗಾಲಾದವು. ಸರಕಾರ ಕಲ್ಲಿದ್ದಲಿನಿಂದ ಮನೆ ಕಾಯಿಸುವ ಕುಟುಂಬಗಳಿಗೆ 3,000 ಝ್ಲೋಟಿಗಳ ನೆರವು ಘೋಷಿಸಬೇಕಾಯಿತು. ಹೊಗೆ ಬಿಡುವವನೇ ಬಡವನೂ ಆಗಿದ್ದಾಗ ಅವನನ್ನು ಅಪರಾಧಿಯೆಂದು ಕರೆದರೆ ಸಮಸ್ಯೆ ಬಗೆಹರಿಯದು.

ಗಾಳಿಗೆ ಬೇಲಿಯಿಲ್ಲ. ನನ್ನ ಮನೆಯ ಬೆಂಕಿ ನನ್ನ ಇಷ್ಟ ಎನ್ನುವ ಹಕ್ಕು ನೆರೆಮನೆಯ ಮಗುವಿನ ಉಸಿರಿನ ಎದುರು ನಿಲ್ಲಲಾರದು. ಆದರೆ ಆ ಉಸಿರಿನ ಬೆಲೆಯನ್ನು ಬಡವನೊಬ್ಬನೇ ತೆರಬೇಕೆನ್ನುವುದೂ ನ್ಯಾಯವಲ್ಲ. ಲಂಡನ್ನಿನ ದೊರೆಗೆ ಆಗದ್ದು 1956ರ ಕಾಯ್ದೆಗೆ ಸಾಧ್ಯವಾದದ್ದು, ಒಲೆ ಆರಿಸಲು ಹೇಳಿದವರೇ ಹೊಸ ಒಲೆಯ ಖರ್ಚಿಗೂ ಹೆಗಲು ಕೊಟ್ಟದ್ದರಿಂದ.