ಎರಡು ಆಯಾಮಗಳ ಸ್ಥಿತಿಸ್ಥಾಪಕ ಸಂಘಟ್ಟನೆ

ಒಂದೇ ಸಮತಲದಲ್ಲಿ ಚಲಿಸುವ ಎರಡು ಕಾಯಗಳು ಓರೆಯಾಗಿ ಡಿಕ್ಕಿ ಹೊಡೆದು, ಒಟ್ಟು ಚಲನಶಕ್ತಿ ಕಿಂಚಿತ್ತೂ ನಷ್ಟವಾಗದಂತೆ ಬೇರೆ ದಿಕ್ಕುಗಳಿಗೆ ಚದರುವ ಕ್ರಿಯೆ. ಒಟ್ಟು ಸಂವೇಗವಂತೂ ಎಲ್ಲ ಸಂಘಟ್ಟನೆಗಳಲ್ಲೂ ಉಳಿಯುತ್ತದೆ. ಬಿಲಿಯರ್ಡ್ಸ್ ಚೆಂಡುಗಳು ಈ ಆದರ್ಶಕ್ಕೆ ಸಾಕಷ್ಟು ಹತ್ತಿರ.

ಡಿಕ್ಕಿಯ ಅನಂತರದ ಎರಡು ವೇಗಗಳಿಗೆ ತಲಾ ಎರಡು ಘಟಕಗಳು. ಹಾಗಾಗಿ ಅಜ್ಞಾತಗಳು 4. ಸಂವೇಗ ಸದಿಶವಾದ್ದರಿಂದ ಎರಡು ಸಮೀಕರಣ ಸಿಗುತ್ತವೆ, ಚಲನಶಕ್ತಿ ಅದಿಶವಾದ್ದರಿಂದ ಒಂದೇ. ಚಲನಶಕ್ತಿಯನ್ನೂ ಅಕ್ಷಗಳ ಮೇಲೆ ಒಡೆದು ನಾಲ್ಕನೆಯ ಸಮೀಕರಣ ಹುಟ್ಟಿಸುವ ವಿದ್ಯಾರ್ಥಿಗಳುಂಟು, ಅದು ಸಲ್ಲದು. ಕೊರತೆ ತುಂಬುವುದು ಒಂದು ಚದರುಕೋನ, ಇಲ್ಲವೇ ಡಿಕ್ಕಿಯ ಕ್ಷಣದಲ್ಲಿ ಕೇಂದ್ರಗಳನ್ನು ಜೋಡಿಸುವ ರೇಖೆಯ ದಿಕ್ಕು. ಲೆಕ್ಕದಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

ಕೇಂದ್ರರೇಖೆ ತಿಳಿದಿದ್ದರೆ ದಾರಿ ಸುಲಭ. ನುಣುಪಾದ ಗೋಳಗಳ ನಡುವಿನ ಬಲ ಆ ರೇಖೆಯಗುಂಟ ಮಾತ್ರ ಇರುವುದರಿಂದ ಅದಕ್ಕೆ ಲಂಬವಾದ ವೇಗಘಟಕಗಳು ಬದಲಾಗವು. ರೇಖೆಯ ಮೇಲಿನ ಘಟಕಗಳಿಗೆ ಒಂದು ಆಯಾಮದ ಸೂತ್ರ ಸಾಕು.

ಸಮಾನ ದ್ರವ್ಯರಾಶಿಯ ಗೋಳಗಳಲ್ಲಿ ಒಂದು ನಿಶ್ಚಲವಾಗಿದ್ದರೆ ಫಲಿತಾಂಶ ಸೊಗಸಾಗಿದೆ. ಸಂವೇಗದ ನಿಯಮದಂತೆ ಮೂಲ ವೇಗ, ಹೊರಬೀಳುವ ಎರಡು ವೇಗಗಳು ಸೇರಿ ತ್ರಿಭುಜವಾಗುತ್ತವೆ. ಶಕ್ತಿಯ ನಿಯಮದಂತೆ ಮೂಲ ವೇಗದ ವರ್ಗ ಉಳಿದೆರಡರ ವರ್ಗಗಳ ಮೊತ್ತ. ಅಂದರೆ ಅದು ಲಂಬಕೋನ ತ್ರಿಭುಜ: ನೇರ ಡಿಕ್ಕಿಯನ್ನು ಬಿಟ್ಟರೆ ಗೋಳಗಳು ಯಾವಾಗಲೂ 90° ಅಂತರದಲ್ಲಿ ಅಗಲುತ್ತವೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದ ಗೋಳ ಸುಮಾರು 37° ತಿರುಗಿದರೆ ಅದರ ವೇಗ 4 ಮೀಟರ್. ಇನ್ನೊಂದು ಎದುರು ಬದಿಗೆ 53° ಕೋನದಲ್ಲಿ 3 ಮೀಟರ್ ವೇಗದಿಂದ ಹೊರಡುತ್ತದೆ.

ಭಾರವಾದ ಕಾಯ ನಿಶ್ಚಲವಾದ ಹಗುರ ಕಾಯಕ್ಕೆ ಬಡಿದರೆ ಅದರ ತಿರುವಿಗೆ ಮಿತಿಯಿದೆ. ಗರಿಷ್ಠ ಕೋನದ ಸೈನ್, ಹಗುರ ಮತ್ತು ಭಾರ ದ್ರವ್ಯರಾಶಿಗಳ ಅನುಪಾತಕ್ಕೆ ಸಮ. ಕೇರಂನಲ್ಲಿ 15 ಗ್ರಾಂ ಸ್ಟ್ರೈಕರ್ 5 ಗ್ರಾಂ ಕಾಯಿಗೆ ತಗುಲಿದಾಗ ಸುಮಾರು 19.5°ಗಿಂತ ಹೆಚ್ಚು ಓರೆಯಾಗದು. ಹಗುರ ಕಾಯ ಭಾರದ್ದಕ್ಕೆ ಬಡಿದರೆ ಹಿಂದಕ್ಕೂ ಚಿಮ್ಮಬಹುದು.

ಡಿಕ್ಕಿಯ ಸರಿಯಾದ ನಿಯಮಗಳನ್ನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 17ನೆಯ ಶತಮಾನದಲ್ಲಿ ನಿರೂಪಿಸಿದ. ಈ ಕುರಿತ ಆತನ ಗ್ರಂಥ ಅಚ್ಚಾದದ್ದು ಮರಣಾನಂತರ, 1703ರಲ್ಲಿ. ಮುಂದೆ ಹೀಲಿಯಂ ತುಂಬಿದ ಮೇಘಕೋಷ್ಠದಲ್ಲಿ ಆಲ್ಫಾ ಕಣಗಳ ಜಾಡು 90°ಯಲ್ಲಿ ಕವಲೊಡೆದದ್ದು, ಆಲ್ಫಾ ಕಣ ಮತ್ತು ಹೀಲಿಯಂ ನ್ಯೂಕ್ಲಿಯಸ್ಸಿನ ದ್ರವ್ಯರಾಶಿ ಒಂದೇ ಎಂಬುದಕ್ಕೆ ಪುರಾವೆಯಾಯಿತು. ಬೆಳಕಿನ ವೇಗವನ್ನು ಸಮೀಪಿಸುವ ಕಣಗಳಲ್ಲಿ ಮಾತ್ರ ಈ ಕೋನ 90°ಗಿಂತ ಕಿರಿದು. ಅಲ್ಲಿ ಸಾಪೇಕ್ಷತಾ ಸೂತ್ರಗಳನ್ನೇ ಬಳಸಬೇಕು.