ಮುಖ ಕಾಣದ ಮೊದಲ ಫೋಟೋ

1975ರ ಡಿಸೆಂಬರ್. ಅಮೆರಿಕದ ರೋಚೆಸ್ಟರ್‌ನಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ 25ರ ಹರೆಯದ ಎಂಜಿನಿಯರ್ ತಾವೇ ಜೋಡಿಸಿದ ಪೆಟ್ಟಿಗೆಯೊಂದನ್ನು ಹೊತ್ತು ಪ್ರಯೋಗಾಲಯದಿಂದ ಹೊರಬಂದರು. ಸೂಪರ್ 8 ಸಿನಿಮಾ ಕ್ಯಾಮೆರಾದ ಲೆನ್ಸು, 16 ಬ್ಯಾಟರಿ, ಪಕ್ಕಕ್ಕೆ ಕಟ್ಟಿದ ಕ್ಯಾಸೆಟ್ ರೆಕಾರ್ಡರ್. ತೂಕ ಸುಮಾರು 3.6 ಕಿಲೋ. ಅಲ್ಲೇ ಕೆಲಸ ಮಾಡುತ್ತಿದ್ದ ಯುವತಿಯೊಬ್ಬಳನ್ನು ಕೇಳಿಕೊಂಡು ಒಂದು ಫೋಟೋ ತೆಗೆದರು. ಅದು ಟೇಪಿನಲ್ಲಿ ದಾಖಲಾಗಲು 23 ಸೆಕೆಂಡು ಬೇಕಾಯಿತು.

ಟಿವಿ ಪರದೆಯ ಮೇಲೆ ಚಿತ್ರ ಮೂಡಿದಾಗ ಆಕೆಯ ಕಪ್ಪು ಕೂದಲು, ಬಿಳಿ ಹಿನ್ನೆಲೆ ಎರಡೂ ಸರಿಯಾಗಿದ್ದವು. ಮುಖ ಮಾತ್ರ ಕಲಸಿಹೋದ ಚುಕ್ಕೆಗಳ ರಾಶಿ. ಕಾರಣ ಬಹಳ ಸರಳ: ಚಿತ್ರದ ಅಂಕಿಗಳು ತಿರುವುಮುರುವಾಗಿದ್ದವು. ಅಚ್ಚ ಕಪ್ಪು ಎಂದರೆ ಬರೀ ಸೊನ್ನೆ, ಅಚ್ಚ ಬಿಳುಪು ಎಂದರೆ ಬರೀ ಒಂದು. ಯಾವ ಕಡೆಯಿಂದ ಓದಿದರೂ ಅವು ಬದಲಾಗುವುದಿಲ್ಲ. ಕೆಡುವುದು ನಡುವಿನ ಬೂದು ಬಣ್ಣಗಳು. ಮನುಷ್ಯನ ಮುಖವೆಂದರೆ ಹೆಚ್ಚುಪಾಲು ಆ ನಡುವಿನ ಬಣ್ಣಗಳೇ ಅಲ್ಲವೇ? ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಮುಖ ಕಂಡಿತು.

ಈ ಕಥೆ ಓದಿದಾಗ ನನಗೆ ನೆನಪಾದದ್ದು ಅಪ್ಪನ ಫೋಟೋ. ಪುಣೆಯಿಂದ ಊರಿಗೆ ಹೋದಾಗ ಜಗಲಿಯಲ್ಲಿ ಕೂತಿದ್ದವರನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ಹಿಂದೆ ಅಂಗಳದ ಬಿಸಿಲು. ಅಡಿಕೆಮರದ ಗರಿಗರಿಯೂ ಕಾಣುತ್ತದೆ, ಅಪ್ಪನ ಮುಖ ಕಪ್ಪು. ಅವರು ಹೋದ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಸ್ಟುಡಿಯೋದವನು ಬೆಳಕು ಏರಿಸಿದ, ಏರಿಸಿದ, ಬಂದದ್ದು ಚುಕ್ಕೆಗಳೇ. ಇಲ್ಲಿ ತಂತಿ ಬದಲಿಸುವ ಉಪಾಯವೂ ಇರಲಿಲ್ಲ. ಕೊನೆಗೆ ಮದುವೆ ಮನೆಯ ಗುಂಪುಚಿತ್ರದಿಂದ ಕತ್ತರಿಸಿ ಹಾಕಿದೆವು.

ಬೆಳಕು ಏರಿಸಿದರೂ ಮುಖ ಯಾಕೆ ಬರಲಿಲ್ಲ? ಉತ್ತರದ ಒಂದು ಪಾಲು ಅದೇ ಕೊಡಕ್‌ನಲ್ಲಿದೆ. ಸೆನ್ಸರಿಗೆ ಬಣ್ಣ ಗೊತ್ತಿಲ್ಲ, ಬಿದ್ದ ಬೆಳಕೆಷ್ಟು ಎಂಬುದಷ್ಟೇ ಗೊತ್ತು. ಅಲ್ಲಿನ ಬ್ರೈಸ್ ಬೇಯರ್ ಪ್ರತಿ ಬಿಂದುವಿನ ಮೇಲೂ ಒಂದೊಂದು ಬಣ್ಣದ ಸೋಸುಕ ಕೂರಿಸುವ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ನಮ್ಮ ಕಣ್ಣು ಹಸಿರಿಗೇ ಹೆಚ್ಚು ಚುರುಕು ಎಂದು ಆ ಲೆಕ್ಕ. ನಮ್ಮ ಹೆಚ್ಚಿನ ಮೊಬೈಲುಗಳು ಇಂದಿಗೂ ಇದೇ ದಾರಿಯಲ್ಲಿವೆ. ಅಂದರೆ ಪ್ರತಿ ಬಿಂದುವಿಗೂ ಸಿಗುವುದು ಒಂದೇ ಬಣ್ಣ, ಉಳಿದೆರಡನ್ನು ಅಕ್ಕಪಕ್ಕದವರನ್ನು ಕೇಳಿ ಊಹಿಸಬೇಕು. ಬೆಳಕೇ ಬೀಳದ ಕಡೆ ಅಕ್ಕಪಕ್ಕದವರಿಗೂ ಏನೂ ಗೊತ್ತಿರುವುದಿಲ್ಲ.

ಸ್ಯಾಸನ್‌ರ ಚಿತ್ರದಲ್ಲಿ ಇದ್ದದ್ದು 100 ಸಾಲು, ಸಾಲಿಗೆ 100 ಬಿಂದು. ನಮ್ಮ ಜೇಬಿನಲ್ಲಿ ಕೋಟಿಗಟ್ಟಲೆ ಇವೆ. ಹಾಗಿದ್ದೂ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಾಗ, ಜೂಮ್ ಲೆನ್ಸಿಲ್ಲದ ಮೊಬೈಲು ನಡುವಿನ ತುಂಡನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೇ. ನಾಲ್ಕು ಹೆಜ್ಜೆ ಹತ್ತಿರ ಹೋಗಲು ನಮಗೇನು ಸಂಕೋಚವೋ!

ಇನ್ನೊಂದು ಸಂಗತಿ. ಆ ಕ್ಯಾಸೆಟ್ಟಿಗೆ 30 ಚಿತ್ರ ಸಾಕೆಂದು ಸ್ಯಾಸನ್ ನಿರ್ಧರಿಸಿದ್ದರು. ಫಿಲ್ಮ್ ರೋಲಿನಲ್ಲಿ 24 ಅಥವಾ 36 ಬರುತ್ತಿದ್ದವು, ಜನಕ್ಕೆ ರೂಢಿಯಾದದ್ದು ಅದು, ಹಾಗಾಗಿ ನಡುವಿನದೊಂದು. ಮೇಲಿನವರಿಗೆ ಈ ಆಟಿಕೆ ಹಿಡಿಸಲಿಲ್ಲ. ಫಿಲ್ಮ್ ಮಾರುವ ಕಂಪನಿಗೆ ಹೇಗೆ ಹಿಡಿಸೀತು? 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ನಾನಂತೂ ಆ 30ನ್ನು ಎತ್ತಿಕೊಂಡಿದ್ದೇನೆ. ಊರಿಗೆ ಒಮ್ಮೆ ಹೋದರೆ 30 ಚಿತ್ರ, ಹೆಚ್ಚಿಲ್ಲ. ಹಾಗಾಗಿ ಒತ್ತುವ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತೇನೆ, ಲೆನ್ಸಿನ ಮೇಲಿನ ಬೆರಳ ಜಿಡ್ಡನ್ನು ಅಂಗಿಯ ತುದಿಯಿಂದ ಒರೆಸುತ್ತೇನೆ, ಪರದೆಯ ಮೇಲೆ ಮುಖವಿರುವ ಜಾಗವನ್ನೇ ಮುಟ್ಟುತ್ತೇನೆ. ಹಿಂದಿನ ಆಕಾಶ ಬೆಳ್ಳಗಾದರೆ ಆಗಲಿ.

ಕಳೆದ ಸಲ ಅಮ್ಮನನ್ನು ಜಗಲಿಯ ಆ ಜಾಗದಿಂದ ಎಬ್ಬಿಸಿ, ನಡುಮನೆಯ ಬಾಗಿಲಿಗೆ ಮುಖ ಮಾಡಿ ಕೂರಿಸಿದೆ. "ನಾನು ದಿನಾ ಕೂರೋದು ಅಲ್ಲಿ ಕಣೋ" ಅಂದಳು. ಹೊರಗಿನ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ಮೂರು ಚಿತ್ರ ತೆಗೆದೆ. ಕಾಫಿ ಆರಿಹೋಯಿತೆಂದು ಬೈದದ್ದು ಎರಡನೆಯದರಲ್ಲಿದೆ.