ಹೆಸರಿನಲ್ಲೇ ಕಸುಬು ಹೊತ್ತ ಹಿರಿಯರು

ವಿಜಯಪುರ, ಬೆಳಗಾವಿ, ಧಾರವಾಡ ಕಡೆಯ ಯಾವುದಾದರೂ ಜಮಾಅತ್‌ನ ಹೆಸರಿನ ಪಟ್ಟಿ ತೆರೆದು ನೋಡಿ. ನದಾಫ್, ಅತ್ತಾರ, ಬಾಗವಾನ, ಮಣಿಯಾರ, ಕಲಾಯಿಗಾರ. ಒಂದೊಂದು ಅಡ್ಡಹೆಸರೂ ಒಂದೊಂದು ಕಸುಬು. ಅರಳೆ ಹಿಂಜುವವರು, ಸುಗಂಧ ಮಾರುವವರು, ತೋಟ ಮಾಡಿ ಹಣ್ಣು ಮಾರುವವರು, ಬಳೆಗಾರರು, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು. ಇವುಗಳಲ್ಲಿ ನದಾಫ್ ಮತ್ತು ಅತ್ತಾರ ಅರಬಿ ಮೂಲದ ಪದಗಳು. ಆದರೆ ಇಂದು ಕೆಲವು ಮಕ್ಕಳು ಈ ಹೆಸರು ಹೇಳಲು ಹಿಂಜರಿಯುತ್ತಾರೆ. ಸಂಬಂಧ ನೋಡುವಾಗ “ಅವರು ಯಾರ ಪೈಕಿ?” ಎಂಬ ಪ್ರಶ್ನೆ ಮೊದಲು ಬರುತ್ತದೆ. ಹೀಗಿರುವಾಗ ನಮ್ಮ ಇತಿಹಾಸದ ಒಂದು ಪುಟವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಹನಫಿ ಫಿಕ್‌ಹ್‌ನಲ್ಲಿ ವಕ್ಫ್ ಕುರಿತು ಪ್ರಮಾಣಗ್ರಂಥ ಬರೆದ ಇಮಾಮ್ ಖಸ್ಸಾಫ್(ರ) ಹಿಜರಿ 261ರಲ್ಲಿ ನಿಧನರಾದರು. ಖಸ್ಸಾಫ್ ಎಂದರೆ ಚಪ್ಪಲಿ ಹೊಲಿಯುವವನು. ಅವರು ಆ ಕೆಲಸದಿಂದಲೇ ಜೀವನ ಸಾಗಿಸುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕುರ್‌ಆನಿನ ಶಾಸನಗಳ ವ್ಯಾಖ್ಯಾನಕಾರರಾದ ಜಸ್ಸಾಸ್(ರ) ಅವರ ಹೆಸರಿನ ಅರ್ಥ ಗಾರೆಸುಣ್ಣದವನು. ಶಾಫಿಈ ವಿದ್ವಾಂಸರಾದ ಕಫ್ಫಾಲ್ ಮರ್ವಝೀ(ರ) ಬೀಗ ಮಾಡುವ ಕಸುಬಿನವರು. ಮೂವತ್ತರ ಆಸುಪಾಸಿನಲ್ಲಿ ವಿದ್ಯೆಗೆ ಕುಳಿತು ದೊಡ್ಡ ಇಮಾಮರಾದರು. ಬಗ್ದಾದಿನ ವ್ಯಾಕರಣ ಪಂಡಿತ ಝಜ್ಜಾಜ್ ಗಾಜಿನ ಕೆಲಸ ಮಾಡುತ್ತಿದ್ದರು. ದಿನದ ಸಂಪಾದನೆಯಿಂದ ಒಂದು ದಿರ್ಹಮ್ ತೆಗೆದು ತಮ್ಮ ಗುರು ಮುಬರ್ರದ್‌ಗೆ ಕೊಟ್ಟು ಪಾಠ ಕಲಿತರೆಂದು ಪ್ರಸಿದ್ಧ. ಇವರ ಶಿಷ್ಯರು ಗುರುವಿನ ಹೆಸರಿನಿಂದ ಕಸುಬನ್ನು ಅಳಿಸಲಿಲ್ಲ. ಕಸುಬಿನ ಹೆಸರೇ ಗ್ರಂಥಗಳ ಮೇಲೆ ಉಳಿಯಿತು.

ಅಂದಿನ ಪಟ್ಟಣವೂ ಕಸುಬಿನ ಮೇಲೆಯೇ ನಿಂತಿತ್ತು. ಮೊರೊಕ್ಕೊದ ಫೆಝ್ ನಗರದಲ್ಲಿ ಇದನ್ನು ಇಂದಿಗೂ ಕಾಣಬಹುದು. 859ರಲ್ಲಿ ಸ್ಥಾಪನೆಯಾದ ಕರವಿಯ್ಯೀನ್ ಮಸೀದಿಯ ಬಳಿಯಲ್ಲೇ ಅತ್ತಾರರ ಬೀದಿ. ತಾಮ್ರದ ಪಾತ್ರೆ ಬಡಿಯುವವರಿಗೆ ಒಂದು ಚೌಕ, ಬಡಗಿಗಳಿಗೆ ಇನ್ನೊಂದು. ನೀರು ಬೇಕಾಗುವ, ವಾಸನೆ ಬರುವ ಚರ್ಮ ಹದ ಮಾಡುವ ಕೆಲಸ ಹೊಳೆಯ ದಡದಲ್ಲಿ.

ಹೀಗೆ ಹಂಚಿ ಕೂರಿಸುವುದಕ್ಕೂ ನಿಯಮಗಳಿದ್ದವು. ಪೇಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. 12ನೇ ಶತಮಾನದಲ್ಲಿ ಸಿರಿಯಾದ ಶೈಝರೀ ಆ ಅಧಿಕಾರಿಗಾಗಿ ನಲವತ್ತು ಅಧ್ಯಾಯಗಳ ಕೈಪಿಡಿ ಬರೆದರು. ಬೆಂಕಿ ಬೇಕಾದ ರೊಟ್ಟಿಯವರು, ಕಮ್ಮಾರರು ಬಟ್ಟೆ ಮತ್ತು ಸುಗಂಧದ ಅಂಗಡಿಗಳಿಂದ ದೂರ ಇರಬೇಕು. ಪ್ರತಿ ಕಸುಬಿಗೂ ಅದೇ ಕಸುಬಿನ ನಂಬಿಗಸ್ತನೊಬ್ಬನನ್ನು ‘ಅರೀಫ್’ ಎಂದು ನೇಮಿಸಬೇಕು. ಏಕೆಂದರೆ ಒಳಗಿನ ಮೋಸ ಒಳಗಿನವನಿಗೇ ಗೊತ್ತು. ಹಿಟ್ಟು ನಾದುವವನು ಕಾಲಿನಿಂದ ತುಳಿಯಬಾರದು. ಬೆವರು ಬೀಳದಂತೆ ಹಣೆಗೆ ಬಿಳಿ ಪಟ್ಟಿ ಕಟ್ಟಬೇಕು, ಬಾಯಿ ಮುಚ್ಚಿಕೊಳ್ಳಬೇಕು. ಹಗಲಲ್ಲಿ ನಾದುವಾಗ ನೊಣ ಓಡಿಸಲು ಪಕ್ಕದಲ್ಲೊಬ್ಬ ನಿಂತಿರಬೇಕು. ರೊಟ್ಟಿ ಸುಡುವ ಕೆಲಸಕ್ಕೆ ಇಷ್ಟು ಲಕ್ಷ್ಯ ಕೊಟ್ಟ ಸಮಾಜಕ್ಕೆ ಆ ಕೆಲಸ ಒಂದು ಅಮಾನತ್ ಆಗಿತ್ತು. ಪ್ರವಾದಿ(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ಗೊತ್ತಿರುವುದೇ.

ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ(ರ) ಅವರ ಪ್ರಸಂಗವೂ ಹೀಗೆಯೇ. ಪಾಲುದಾರರು ದೋಷವಿದ್ದ ಬಟ್ಟೆಯನ್ನು ಗ್ರಾಹಕನಿಗೆ ತಿಳಿಸದೆ ಮಾರಿಬಿಟ್ಟರು. ಇಮಾಮರಿಗೆ ತಿಳಿದಾಗ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕಸುಬಿಗೆ ಗೌರವ ಬರುವುದು ಪ್ರಾಮಾಣಿಕತೆಯಿಂದ.

ಆ ಸಮಾಜ ಎಲ್ಲ ವಿಷಯದಲ್ಲೂ ಆದರ್ಶವಾಗಿತ್ತು ಎಂದು ಹೇಳಲಾಗದು. ವಿವಾಹದಲ್ಲಿ ಸಮಾನತೆಯ ಚರ್ಚೆ ಬಂದಾಗ ನೇಕಾರರು, ಚರ್ಮ ಹದ ಮಾಡುವವರು ಮುಂತಾದವರನ್ನು ಕೆಳಗಿಟ್ಟ ಮಾತುಗಳು ಕೆಲವು ಫಿಕ್‌ಹ್ ಗ್ರಂಥಗಳಲ್ಲೇ ಇವೆ. ಅಂದಿನ ಪೇಟೆಯ ಏರುಪೇರು ವಿದ್ವಾಂಸರ ಲೇಖನಿಯನ್ನೂ ತಾಕಿತ್ತು. ಆದರೆ ಅದೇ ಹನಫಿ ಕಪಾಟಿನಲ್ಲಿ ಚಪ್ಪಲಿ ಹೊಲಿದವರ ಗ್ರಂಥವೂ ಇದೆ. ನಾವು ಯಾವುದನ್ನು ಕೈಗೆತ್ತಿಕೊಳ್ಳುತ್ತೇವೆ ಎಂಬುದು ನಮ್ಮ ಆಯ್ಕೆ. ಪ್ರವಾದಿ ದಾವೂದ್(ಅ) ಅರಸರಾಗಿದ್ದೂ ಕಬ್ಬಿಣದ ಕವಚ ಮಾಡುತ್ತಿದ್ದರೆಂದು ಕುರ್‌ಆನ್ ತಿಳಿಸುತ್ತದೆ.

ಇಂದು ಯಂತ್ರಗಳು ಬಂದು ಅರಳೆ ಹಿಂಜುವ ಬಿಲ್ಲು ಮೂಲೆ ಸೇರಿದೆ. ಕಲಾಯಿಗಾರನ ಕೂಗು ಅಪರೂಪವಾಗಿದೆ. ನದಾಫರ ಮಗ ಇಂಜಿನಿಯರ್ ಆಗಲಿ, ಮಣಿಯಾರರ ಮಗಳು ವೈದ್ಯೆಯಾಗಲಿ, ಸಂತೋಷ. ಆದರೆ ಅಜ್ಜ ಯಾವ ಕೈಯಿಂದ ಹಲಾಲ್ ತುತ್ತು ಗಳಿಸಿ ಮನೆ ಸಾಕಿದರೆಂದು ಆ ಮಕ್ಕಳಿಗೆ ಹೇಳಿರಿ. ಸಂಬಂಧ ನೋಡುವಾಗಲೂ ಹುಡುಗನ ಅಜ್ಜ ಏನು ಮಾರುತ್ತಿದ್ದರು ಎಂದು ಕೇಳುವ ಬದಲು ಹುಡುಗ ತೂಕದಲ್ಲಿ, ಮಾತಿನಲ್ಲಿ ನೆಟ್ಟಗಿದ್ದಾನೆಯೇ ಎಂದು ಕೇಳೋಣ.